ಹೊಟ್ಟೆ ತುಂಬದ ಕೌದಿ

"ಏ ಬಾಳ್ಯಾ, ನಿಮ್ಮಪ್ಪಗ ಅಳಿಯ ಸಿಕ್ಕಾನಂತಲ್ಲೋ. ಮಾರಿ ಇಲ್ಲಂತ, ಮೈ ಇಲ್ಲಂತ, ಬರೇ ದನಿ ಅಂತ. ಮತ್ತ ಅಕ್ಕಿಕಾಳ ಯಾರ ತಲಿ ಮ್ಯಾಲ ಹಾಕೂದಪಾ?"

ವೀರಪ್ಪ ಸಾವ್ಕಾರ ಇದನ್ನು ಕೂಗಿ ಹೇಳಲಿಲ್ಲ. ತನ್ನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ತಕ್ಕಡಿಗೆ ಬೆಲ್ಲ ಹಾಕುತ್ತ, ಮಳೆ ಬೆಳೆ ವಿಚಾರಿಸಿದ ಹಾಗೆ ವಿಚಾರಿಸಿದ. ತಾನು ಓಡಿಸುವ ಸವಾರಿ ಗಾಡಿ ಟ್ರ್ಯಾಕ್ಸಿನ ನೆತ್ತಿಯ ಮೇಲೆ ನಿಂತು ಜೋಳದ ಚೀಲ ಬಿಗಿಯುತ್ತಿದ್ದ ಬಾಳುವಿನ ಕೈ ಹಗ್ಗದಲ್ಲೇ ನಿಂತಿತು. ಕೆಳಗೆ ಗಾಡಿಯಲ್ಲಿ ರಾಮದುರ್ಗದ ಸಂತೆಗೆ ಹೊರಟ ಮಂದಿ ಒಬ್ಬರ ತೊಡೆಯ ಮೇಲೆ ಒಬ್ಬರು ಎಂಬಂತೆ ಕುಳಿತಿದ್ದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಗಂಡಸರಲ್ಲಿ ಒಬ್ಬ ಕೆಮ್ಮಿದ. ಆ ಕೆಮ್ಮಿನೊಳಗೆ ನಗೆ ಇತ್ತು.

ಬಾಳು ಮೇಲಿಂದಲೇ ಜಿಗಿದ. ಚಹಾದಂಗಡಿಯ ಬಸಲಿಂಗಪ್ಪ ಸೋಸುವ ಅರಿವೆ ಕೈಯಲ್ಲಿ ಹಿಡಿದೇ ಓಡಿ ಬಂದು ಅವನ ರಟ್ಟೆ ಹಿಡಿಯದೇ ಹೋಗಿದ್ದರೆ ಸಾವ್ಕಾರನ ತಕ್ಕಡಿ ಆ ಹೊತ್ತು ಬೀದಿಗೆ ಬೀಳುತ್ತಿತ್ತು.

"ಸಾವ್ಕಾರ್ರ, ಹಿರ್ಯಾರದೀರಿ, ಹಿರ್ಯಾರಂಗ ಮಾತಾಡ್ರಿ."

"ನಾ ಕಂಡದ್ದಲ್ಲಪಾ," ಎಂದ ವೀರಪ್ಪ, ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು. "ನಮ್ಮ ಮನ್ಯಾಕಿ ಕಿವಿಲೆ ಕೇಳ್ಯಾಳ. ರಾಚವ್ವ ಅಕ್ಕೋರ ಪಡಸಾಲ್ಯಾಗ ಗಂಡಸಿನ ದನಿ. ಯಾರದಂತ ಕೇಳಿದ್ರ ನಿನ್ನ ತಂಗೀನ ಮುಂದ ಬಂದು, ನನ್ನ ಸಲವಾಗಿ ಬಂದಾನಂತ ಒಪ್ಕೊಂಡಾಳ. ನೀ ಗಾಡಿ ಹೊಡಿ ತಮ್ಮಾ, ಮಂದೀಗೆ ತಡಾ ಆತು."

ಆ ದಿನ ಸಾಲಹಳ್ಳಿಯಿಂದ ರಾಮದುರ್ಗದವರೆಗೆ ಟ್ರ್ಯಾಕ್ಸು ಕುಣಿದುಕೊಂಡೇ ಹೋಯಿತು. ಬಾಳು ಒಂದು ತಗ್ಗನ್ನೂ ತಪ್ಪಿಸಲಿಲ್ಲ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ಅವನು. ಬಿಟ್ಟದ್ದಕ್ಕೆ ಅವನಿಗೆ ದುಃಖವೇನಿರಲಿಲ್ಲ, ಸಿಟ್ಟಿತ್ತು. ಯಾರ ಮೇಲೆ ಎಂದು ಗೊತ್ತಿಲ್ಲದ್ದರಿಂದ ಅದು ಎಲ್ಲರ ಮೇಲೂ ಸಮನಾಗಿ ಹರಿಯುತ್ತಿತ್ತು. ತಂಗಿ ಮಂಜುಳಾ ಹಾಗಲ್ಲ, ಪಿಯುಸಿ ಪಾಸಾಗಿ ರಾಮದುರ್ಗದ ಕಾಲೇಜಿಗೆ ಹೆಸರು ಹಚ್ಚಿದ್ದಳು. ಅಣ್ಣನ ಗಾಡಿಯಲ್ಲೇ ಹೋಗಿ ಅಣ್ಣನ ಗಾಡಿಯಲ್ಲೇ ಬರುತ್ತಿದ್ದಳು. ಆದರೆ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಕಾಲೇಜಿನ ಗೇಟಿನವರೆಗಿನ ದಾರಿ ಅಣ್ಣನದಾಗಿರಲಿಲ್ಲ. ಬೇರೆ ಗಾಡಿಗಳ ಡ್ರೈವರುಗಳು ಸೀಟಿ ಹೊಡೆದರು. ಬಾಳು ಒಬ್ಬನ ಮೇಲೆ ಜಾಕಿನ ರಾಡು ಬೀಸಿದ. ಮರುವಾರ ಇನ್ನೊಬ್ಬ ಸೀಟಿ ಹೊಡೆದ. ಸ್ಟ್ಯಾಂಡಿನ ಬಾಯಿಗಳನ್ನೆಲ್ಲ ಮುಚ್ಚುವುದಕ್ಕಿಂತ ತಂಗಿಯನ್ನು ಮನೆಯಲ್ಲಿ ಕೂರಿಸುವುದು ಸಸಾರ ಎಂದು ಕಂಡಿತು. ಕೂರಿಸಿದ.

ಆಮೇಲೆ ಒಂದು ದಿನ ರಾಚವ್ವ ಅಕ್ಕೋರು ಮನೆಗೆ ಬಂದರು. ಊರಿನ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ರಿಟೈರಾದವರು. ಬಾಳುವಿಗೆ ಅಕ್ಷರ ತಿದ್ದಿಸಿದವರೂ ಅವರೇ. ಅವರ ಮನೆಗೆ ಫೋನಿನ ಜೊತೆ ಇಂಟರ್‌ನೆಟ್ ಬಂದಿತ್ತು, ಹುಬ್ಬಳ್ಳಿಯ ತಮ್ಮನ ಮಗ ಹಳೆಯ ಕಂಪ್ಯೂಟರೊಂದನ್ನು ತಂದು ಕೂಡಿಸಿ ಹೋಗಿದ್ದ. ದೂರದ ಊರಿನ ವಿದ್ಯಾಪೀಠವೊಂದು ಕಾಲೇಜಿಗೆ ಬರಲಾಗದ ಹೆಣ್ಣುಮಕ್ಕಳಿಗೆಂದೇ ಆನ್‌ಲೈನಿನಲ್ಲಿ ಬಿ.ಎ. ಶುರು ಮಾಡಿದೆಯೆಂದೂ, ಮನೆಯಲ್ಲಿ ಕುಳಿತೇ ಪಾಠ ಕೇಳಬಹುದೆಂದೂ, ಪರೀಕ್ಷೆಗೆ ಮಾತ್ರ ರಾಮದುರ್ಗಕ್ಕೆ ಹೋದರೆ ಸಾಕೆಂದೂ ಅಕ್ಕೋರು ಹೇಳಿದರು. ಅಪ್ಪ ಯಮನಪ್ಪ ತಲೆ ಆಡಿಸಿದ. ಬಾಳು ಆಡಿಸಲಿಲ್ಲ. ಟೈಪಿಂಗ್ ಕಲಿಸುತ್ತೇವೆಂದು ಬೋರ್ಡು ಹಾಕಿದವರು ಬೋರ್ಡು ಒಂದನ್ನೇ ಬಿಟ್ಟು ಓಡಿಹೋದದ್ದನ್ನು ರಾಮದುರ್ಗದಲ್ಲಿ ಕಂಡವನು ಅವನು. ಕಾಲೇಜು ವಾಯರಿನಲ್ಲಿ ಹರಿದು ಬರುವುದಾದರೆ ನಾಳೆ ತಹಶೀಲ್ದಾರ ಕಚೇರಿಯೂ ಹಿತ್ತಲಿಗೆ ಬಂದೀತು ಎಂದು ಗೊಣಗಿದ. ಆದರೂ ಕರೆಂಟು ಹೋದಾಗ ನಡೆಸಲಿಕ್ಕೆ ಅಕ್ಕೋರು ಬ್ಯಾಟರಿ ಕೇಳಿದಾಗ ಟ್ರ್ಯಾಕ್ಸಿನ ಹಳೆಯ ಬ್ಯಾಟರಿಯನ್ನು ತಾನೇ ಹೊತ್ತೊಯ್ದು ಕೊಟ್ಟಿದ್ದ. ಅದನ್ನು ನೆನೆದು ಈಗ ಅವನಿಗೆ ಮೈ ಉರಿಯಿತು. ತನ್ನ ಬ್ಯಾಟರಿಯ ಮೇಲೆಯೇ ಯಾವನೋ ಮಾತಾಡುತ್ತಿದ್ದಾನೆ.

ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡಲಿಲ್ಲ. ಮಂಜುಳಾ ರೊಟ್ಟಿ ಬಡಿಯುತ್ತಿದ್ದಳು. ಯಾರವನು ಎಂದು ಕೇಳಿದ. ಅವಳು ಕೈ ನಿಲ್ಲಿಸದೆ, ಇತಿಹಾಸ ಹೇಳುವ ಸರ್ ಎಂದಳು. ಹೆಸರು ಗೊತ್ತು, ಊರು ಗೊತ್ತಿಲ್ಲ.

"ಮಾರಿ?"

"ಒಂದೊಂದ ದಿನ ಕಾಣ್ತದ. ಒಂದೊಂದ ದಿನ ಅರ್ಧಕ್ಕ ನಿಂತ ಬಿಡ್ತದ. ಬಾಯಿ ತೆಗದಾಂವ ತೆಗದಂಗ ಇರ್ತಾನ."

ಅವ್ವ ಬಾಯವ್ವ ಒಲೆಯ ಮುಂದೆ ಕಿಸಕ್ಕನೆ ನಕ್ಕಳು. ಬಾಳು ನಗಲಿಲ್ಲ. ನಾಳೆಯಿಂದ ಅಕ್ಕೋರ ಮನೆಯ ಹೊಸ್ತಿಲು ತುಳಿಯಕೂಡದು ಎಂದ. ಮುಂದಿನ ಸೋಮವಾರ ಪರೀಕ್ಷೆ ಇದೆ, ಅದೊಂದು ಮುಗಿಯಲಿ, ಆಮೇಲೆ ನೋಡೋಣ ಎಂದಳು ಅವಳು. ಅಷ್ಟೇ. ವಾದಕ್ಕೆ ನಿಲ್ಲಲಿಲ್ಲ, ಅಳಲಿಲ್ಲ, ಸಾವ್ಕಾರನಿಗೆ ಒಂದು ಬೈಗುಳವನ್ನೂ ಕೊಡಲಿಲ್ಲ. ಬಾಳುವಿಗೆ ಸಂಶಯ ನಿಜವಾಗಿ ಹತ್ತಿದ್ದು ಆವಾಗಲೇ. ಹುಟ್ಟಿದಾಗಿನಿಂದ ಒಂದು ಮಾತಿಗೆ ಹತ್ತು ತಿರುಗಿಸಿ ಕೊಟ್ಟವಳು, ಇಷ್ಟು ದೊಡ್ಡ ಮಾತನ್ನು ನುಂಗಿ ಕುಳಿತಿದ್ದಾಳೆಂದರೆ ಒಳಗೆ ಏನೋ ಇದೆ.

"ಅಕ್ಕೋರ ಮನ್ಯಾಗ ಬರೇ ಪಾಠ ಅಲ್ಲೋ, ಕೌದೀನೂ ಹೊಲೀತಾರ," ಎಂದಳು ಅವ್ವ, ಮಗನ ಸಿಟ್ಟು ತಿರುಗಿಸಲು. "ಅದು ಒಂದ ಮುಗೀವಲ್ತು. ಉಗಾದಿಗೆ ಹಿಡದದ್ದು, ದೀಪಾವಳಿ ಆದ್ರೂ ಹೊಟ್ಟಿ ತುಂಬಿಲ್ಲ."

ಕೌದಿ ಹೊಲಿಯುವವರು ನಟ್ಟನಡುವೆ ಒಂದು ತುಂಡು ಜಾಗವನ್ನು ಕೊನೆಯವರೆಗೂ ತೆರೆದೇ ಇಡುತ್ತಾರೆ. ಅದು ಕೌದಿಯ ಹೊಟ್ಟೆ. ಉಳಿದದ್ದೆಲ್ಲ ಮುಗಿದ ಮೇಲೆ ಅದರೊಳಗೆ ರೊಟ್ಟಿಯ ಚೂರು, ನಾಲ್ಕು ಕಾಳು ಅಕ್ಕಿ ಇಟ್ಟು ಹೊಲಿದು ಮುಚ್ಚಿದರೆ ಹೊಟ್ಟೆ ತುಂಬಿತು, ಕೌದಿ ಮುಗಿಯಿತು. ಹೊದ್ದವರು ಹಸಿಯಬಾರದು ಎಂದು ಶಾಸ್ತ್ರ. ನಾಲ್ಕು ಹೆಂಗಸರು ಕುಳಿತರೆ ತಿಂಗಳೊಪ್ಪತ್ತಿನಲ್ಲಿ ಮುಗಿಯುವ ಕೆಲಸ. ಉಗಾದಿಯಿಂದ ದೀಪಾವಳಿಯವರೆಗೆ ಏನು ಹೊಲಿಯುತ್ತಿದ್ದಾರೆ ಇವರು? ಬಾಳು ರೊಟ್ಟಿ ಮುರಿಯುತ್ತ ಅದನ್ನೇ ಯೋಚಿಸಿದ.

ಮರುದಿನ ಮಧ್ಯಾಹ್ನ ಅವನು ಗಾಡಿಯನ್ನು ಊರ ಹೊರಗಿನ ಬೇವಿನ ಮರದ ಕೆಳಗೆ ಬಿಟ್ಟು, ಬೀದಿ ತಪ್ಪಿಸಿ, ಹಿತ್ತಲ ಹಾದಿಯಿಂದ ಅಕ್ಕೋರ ಮನೆಗೆ ಬಂದ. ಕಳ್ಳನ ಹಾಗೆ ಕಿಟಕಿಯ ಸಂದಿಯಿಂದ ಇಣುಕಿದ.

ಪಡಸಾಲೆಯ ತುಂಬ ಕೌದಿ ಹಾಸಿತ್ತು. ಅದರಲ್ಲಿ ತನ್ನದೇ ಹಳೆಯ ಅಂಗಿಯ ನೀಲಿ ತುಂಡೊಂದನ್ನು ಅವನು ಗುರುತು ಹಿಡಿದ. ನಾಲ್ಕೂ ಅಂಚು ಮುಗಿದಿದ್ದವು, ನಡುವೆ ಹೊಟ್ಟೆ ಮಾತ್ರ ಬಾಯಿ ತೆರೆದುಕೊಂಡಿತ್ತು. ಒಂದು ಮಗ್ಗುಲಲ್ಲಿ ರಾಚವ್ವ ಅಕ್ಕೋರು ಚಾಳೀಸು ಮೂಗಿಗೆ ಇಳಿಸಿ ಕುಳಿತಿದ್ದರು. ಎದುರಿಗೆ ತಲೆಯ ತುಂಬ ಸೆರಗು ಹೊದ್ದು ಕುಳಿತವಳು ವೀರಪ್ಪ ಸಾವ್ಕಾರನ ಸೊಸೆ ಶಿವಾನಿ. ಬೈಲಹೊಂಗಲದಿಂದ ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಆ ಮನೆಯ ಸೊಸೆಯಂದಿರು ಹೊರಗೆ ಬರುವುದೆಂದರೆ ದೇವರಿಗೆ, ಇಲ್ಲವೇ ಕೌದಿ ಹೊಲಿಯಲು ಅಕ್ಕೋರ ಮನೆಗೆ. ಮಂಜುಳಾ ಕಂಪ್ಯೂಟರಿನ ಮುಂದೆ ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದಳು. ಟೇಬಲ್ಲಿನ ಕೆಳಗೆ ಅವನ ಬ್ಯಾಟರಿ.

ಬಾಳು ಮೊದಲು ನೋಡಿದ್ದು ತಂಗಿಯ ಕಿವಿಗಳನ್ನು. ಎರಡೂ ಖಾಲಿ. ಅವ್ವ ಕೊಟ್ಟ ಬೆಂಡೋಲೆಯ ಹೊರತು ಏನೂ ಇರಲಿಲ್ಲ. ಆದರೆ ಕಂಪ್ಯೂಟರಿನಿಂದ ಕರಿಯ ವಾಯರೊಂದು ಇಳಿದಿತ್ತು. ಅದು ನೆಲಕ್ಕೆ ಬಂದು, ಕೌದಿಯ ಕೆಳಗೆ ನುಗ್ಗಿ, ಆಚೆ ಅಂಚಿನಲ್ಲಿ ಶಿವಾನಿಯ ಮೊಣಕಾಲ ಹತ್ತಿರ ಹೊರಬಂದು, ಬೆನ್ನಿನ ಹಿಂದಿನಿಂದ ಏರಿ ಸೆರಗಿನೊಳಗೆ ಮಾಯವಾಗಿತ್ತು. ಸೂಜಿ ಅವಳ ಬೆರಳಲ್ಲಿ ಸುಮ್ಮನೆ ನಿಂತಿತ್ತು. ಅವಳು ಕೇಳಿಸಿಕೊಂಡದ್ದನ್ನು ಮೆಲ್ಲಗೆ ತುಟಿಯಲ್ಲಿ ಹೇಳುತ್ತಿದ್ದಳು, ಮಂಜುಳಾ ಬರೆದುಕೊಳ್ಳುತ್ತಿದ್ದಳು. ಒಬ್ಬಳದು ಕಿವಿ, ಇನ್ನೊಬ್ಬಳದು ಕೈ.

ಬಾಳು ಬಾಗಿಲು ದೂಡಿದ. ಗಂಡಸಿನ ನೆರಳು ಕಂಡದ್ದೇ ಶಿವಾನಿ ದಡಕ್ಕನೆ ಎದ್ದು ನಿಂತಳು. ವಾಯರು ಬಿಗಿದು, ಕಂಪ್ಯೂಟರಿನಿಂದ ಕಿತ್ತು ಬಂತು. ಪಡಸಾಲೆಯ ತುಂಬ ಒಂದು ಗಂಡುದನಿ ತುಂಬಿಕೊಂಡಿತು: "...ಹೀಗಾಗಿ ಕಂದಾಯದ ಹೊರೆಯೆಲ್ಲ ಬಿದ್ದದ್ದು ರೈತನ ಮೇಲೆ. ಇಲ್ಲಿ ನಾವು ಗಮನಿಸಬೇಕಾದ ಅಂಶವೆಂದರೆ..." ಮಂಜುಳಾ ತಟ್ಟನೆ ಕೈ ಚಾಚಿ ಅದರ ಬಾಯಿ ಕಟ್ಟಿದಳು.

"ಹಿಂಗ ಆತು ನೋಡು ಅವತ್ತೂ," ಎಂದರು ರಾಚವ್ವ ಅಕ್ಕೋರು, ಏನೂ ಆಗಿಲ್ಲವೆಂಬಂತೆ ಸೂಜಿಗೆ ದಾರ ಪೋಣಿಸುತ್ತ. "ಇಕಿ ಅತ್ತಿ ಮಾಯವ್ವ ಹೇಳದ ಕೇಳದ ಒಳಗ ಬಂದ್ಲು. ಅತ್ತಿ ಬಂದ್ರ ಸೊಸಿ ಕುಂತಿರಾಕ ಬರ್ತದೇನು? ಎದ್ದಳು. ಕಿವ್ಯಾಗ ವಾಯರ ಐತಿ ಅನ್ನೂದ ಮರತಳು. ದನಿ ಊರ ಕೇಳೂವಂಗ ಆತು. ನಿನ್ನ ತಂಗಿ, ಅದು ನನ್ನ ಪಾಠರೀ ಅಂತ ಮುಂದ ಹೋದ್ಲು."

ಉಳಿದದ್ದನ್ನೂ ಅವರೇ ಹೇಳಿದರು. ಬೈಲಹೊಂಗಲದಲ್ಲಿ ಪಿಯುಸಿ ಮುಗಿಸಿದ ಹುಡುಗಿ ಇದು, ಮುಂದೆ ಕಲಿಸುತ್ತೇವೆಂದು ಮಾತು ಕೊಟ್ಟೇ ಮದುವೆ ಮಾಡಿಕೊಂಡಿದ್ದರು. ಮದುವೆಯಾದ ಮೇಲೆ ಆ ಮಾತು ಎತ್ತಿದರೆ ವೀರಪ್ಪ ಗೋಡೆಗೆ ಮುಖ ಮಾಡುತ್ತಿದ್ದ. ಸರ್ಟಿಫಿಕೇಟನ್ನು ತವರಿನಿಂದ ಗುಟ್ಟಾಗಿ ತರಿಸಿ, ಅಕ್ಕೋರ ಮನೆಯ ವಿಳಾಸ ಕೊಟ್ಟು, ಮಂಜುಳಾಳ ಜೊತೆಗೇ ಹೆಸರು ಹಚ್ಚಿದ್ದರು. ಸೋಮವಾರ ಇಬ್ಬರದೂ ಪರೀಕ್ಷೆ. ಗೊಡಚಿಯ ವೀರಭದ್ರನಿಗೆ ಮಕ್ಕಳ ಫಲಕ್ಕೆ ಕಾಯಿ ಒಡೆಸಿಕೊಂಡು ಬರುತ್ತೇವೆಂದು ಮಾಯವ್ವನನ್ನು ಒಪ್ಪಿಸಿ ಆಗಿತ್ತು. ಗುಡಿಯ ದಾರಿ ರಾಮದುರ್ಗದ ಮೇಲೆಯೇ ಹೋಗುತ್ತದೆ.

"ಅದಕ್ಕ ಇದು ಮೂರ ವರ್ಸದ ಕೌದಿ, ಬಿ.ಎ. ಮುಗಿಯೂತನಕಾ ಹೊಟ್ಟಿ ತುಂಬಂಗಿಲ್ಲ," ಎಂದು ಅಕ್ಕೋರು ತೆರೆದ ಹೊಟ್ಟೆಯ ಮೇಲೆ ಕೈ ಆಡಿಸಿದರು.

ಬಾಳು ಕೇಳುತ್ತ ನಿಂತಿದ್ದ. ಕೇಳಿದಷ್ಟೂ ಅವನ ಸಿಟ್ಟು ಇಳಿಯುವ ಬದಲು ಜಾಗ ಬದಲಿಸಿತು. "ಅಂದ್ರ ಕಲಿಯಾಕಿ ಸಾವ್ಕಾರ್ರ ಮನಿ ಸೊಸಿ. ಹೆಸರ ಕೆಡೂದು ಯಮನಪ್ಪನ ಮಗಳದು. ಚಲೋ ಐತಿ ಅಕ್ಕೋರ ನಿಮ್ಮ ಕಾಲೇಜು."

ಸೆರಗಿನೊಳಗಿನಿಂದ ಶಿವಾನಿಯ ದನಿ ಬಂತು. ಸ್ಪಷ್ಟವಾಗಿತ್ತು. "ನಾ ಹೇಳ್ತೇನಿ ಅಣ್ಣಾರ. ಇವತ್ತ ಮನಿಗೆ ಹೋಗಿ ನಂದ ಅಂತ ಹೇಳ್ತೇನಿ."

"ಹೇಳು. ನಾಳಿಂದ ನೀ ಇಲ್ಲಿ ಇರೂದಿಲ್ಲ," ಎಂದಳು ಮಂಜುಳಾ. ಆಮೇಲೆ ಅಣ್ಣನ ಕಡೆ ತಿರುಗಿದಳು. ನಿನ್ನೆ ನುಂಗಿದ್ದು ಇದೇ ಇರಬೇಕು. "ನನ್ನ ಹೆಸರ ಈಗೇನ ಹೊಸದಾಗಿ ಕೆಟ್ಟಿಲ್ಲಣ್ಣಾ. ನೀ ಕಾಲೇಜ ಬಿಡಿಸಿ ಮನ್ಯಾಗ ಕುಂಡ್ರಿಸಿದ ದಿನಾನ ಕೆಟ್ಟೈತಿ. ಏನೂ ಇಲ್ಲದ ಯಾಕ ಬಿಡಿಸ್ತಾನ ಅಂತ ಮಂದಿ ಅವತ್ತ ಮಾತಾಡಿದ್ರು. ನಿನ್ನ ಮುಂದ ಆಡಿಲ್ಲ, ಅಷ್ಟ."

ಬಾಳು ಹೊರಗೆ ಬಂದ. ಬೇವಿನ ಮರದ ಕೆಳಗೆ ಗಾಡಿ ಹತ್ತಿ ಸ್ಟೇರಿಂಗ್ ಹಿಡಿದ.

ಆದರೆ ಅವನ ಕೈಗೆ ಈಗ ಒಂದು ಕಲ್ಲು ಸಿಕ್ಕಿತ್ತು. ಮುಂದಿನ ದಿನಗಳಲ್ಲಿ ಗಾಡಿ ಓಡಿಸುತ್ತ ಓಡಿಸುತ್ತ ಆ ಕಲ್ಲನ್ನು ನುಣ್ಣಗೆ ಮಾಡಿದ. ಆ ದನಿ ನಿಮ್ಮ ಸೊಸಿ ಕಿವ್ಯಾಗಿಂದ ಬಂದದ್ದು ಸಾವ್ಕಾರ್ರ. ಅಳಿಯ ಸಿಕ್ಕಿದ್ದು ನಮಗಲ್ಲ, ನಿಮಗ. ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ, ಒಮ್ಮೆ ನಗುತ್ತ ಹೇಳಿ ನೋಡಿದ. ಮೆಲ್ಲಗೆ ಹೇಳಿದ್ದೇ ಹೆಚ್ಚು ನಾಟುತ್ತದೆ ಎನಿಸಿತು, ಸಾವ್ಕಾರ ಬೆಲ್ಲ ತಿನ್ನುತ್ತ ಹೇಳಿದ ಹಾಗೆ.

ಅವನಿಗೆ ಇನ್ನೂ ಯಾರ ಮೇಲೂ ನಂಬಿಗೆ ಇರಲಿಲ್ಲ. ಪರೀಕ್ಷೆಯೆಂಬುದು ಇದೆಯೋ ಇಲ್ಲವೋ ಎಂದು ನೋಡಲು ರಾಮದುರ್ಗದಲ್ಲಿ ಅದು ನಡೆಯುತ್ತದೆಂಬ ಶಾಲೆಯನ್ನು ಹುಡುಕಿಕೊಂಡು ಹೋದ. ಸಿಪಾಯಿ ದುರ್ಗಪ್ಪ ಗೇಟಿನಲ್ಲಿ ಬೀಡಿ ಸೇದುತ್ತ ಕುಳಿತಿದ್ದ. ಹೌದು, ಸೋಮವಾರ ಇದೆ, ಕಂಪ್ಯೂಟರಿನ ಕೋಣೆಯಲ್ಲಿ, ಬರೇ ಹೆಂಗಸರದ್ದು ಎಂದ. ಎಲ್ಲೆಲ್ಲಿಂದಲೋ ಬರುತ್ತಾರಂತೆ. ಕೆಲವರು ಬುರ್ಖಾದಲ್ಲಿ, ಕೆಲವರು ಹೊಲದ ಮಣ್ಣುಗಾಲಿನಲ್ಲಿ.

"ಹೋದ ಸಲ ಒಬ್ಬಾಕಿ ಕೂಸಿನ್ನ ನನ್ನ ಕೈಯಾಗ ಕೊಟ್ಟು ಒಳಗ ಓಡಿದ್ಲು," ಎಂದ ದುರ್ಗಪ್ಪ. "ಹೆಸರ ಸೈತ ಹೇಳಲಿಲ್ಲ ಕೂಸಿಂದು. ಮುಗಿಯೂತನಕಾ ನಾನ ಆಡಿಸೀನಿ. ಯಾರ ನಂಬ್ತಾರಪಾ ಹಂಗ, ಗೊತ್ತಿಲ್ಲದಾಂವನ ಕೈಯಾಗ?"

ಬಾಳು ಗಾಡಿಗೆ ಬಂದ. ಆ ಕೂಸಿನ ಮಾತು ಯಾಕೋ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಉಳಿದುಕೊಂಡಿತು.

ಭಾನುವಾರ ಸಂಜೆ ತಂಗಿಗೆ ಅಷ್ಟೇ ಹೇಳಿದ, "ನಾಳಿ ಏಳಕ್ಕ ಗಾಡಿ ಬಿಡ್ತೀನಿ. ತಡಾ ಆದ್ರ ನಿಲ್ಲಂಗಿಲ್ಲ." ಮಂಜುಳಾ ಅವನ ಮುಖ ನೋಡಿದಳು. ಅವನ ಲೆಕ್ಕಾಚಾರ ಬೇರೆಯಿತ್ತು. ಸಾವ್ಕಾರನ ಕಟ್ಟೆ ಅಲ್ಲಿಯೇ, ಸೊಸೆ ಗಾಡಿಯಲ್ಲಿಯೇ, ಸುತ್ತಲೂ ಅದೇ ಮಂದಿ. ಕಲ್ಲು ಎಸೆಯಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಾಲಹಳ್ಳಿಯಲ್ಲಿ ಇರಲಿಲ್ಲ. ತಂಗಿಗೂ ಅದು ಹೊಳೆದಿರಬೇಕು. ಒಳಗೆ ಹೋಗುವ ಮುನ್ನ ಬಾಗಿಲಲ್ಲಿ ಒಂದು ಗಳಿಗೆ ನಿಂತಳು, ಏನೋ ಕೇಳುವವಳ ಹಾಗೆ. ಆಮೇಲೆ ಬಾಗಿಲು ಎಳೆದುಕೊಂಡಳು.

ಸೋಮವಾರ ಬೆಳಗ್ಗೆ ಚಳಿ ಇತ್ತು. ಬಸಲಿಂಗಪ್ಪನ ಒಲೆಯ ಹೊಗೆ ಬೀದಿಯಲ್ಲೇ ಕೂತಿತ್ತು. ರಾಚವ್ವ ಅಕ್ಕೋರು, ಮಂಜುಳಾ, ಶಿವಾನಿ ಮೂವರೂ ನಡುವಿನ ಸೀಟಿನಲ್ಲಿ ಕುಳಿತರು. ಶಿವಾನಿಯ ತೊಡೆಯ ಮೇಲೆ ಕಾಯಿ, ಕರ್ಪೂರ, ವಿಭೂತಿ ಉಂಡೆ, ಎಲೆಯ ಮೇಲೆ ಹೂವು ಇಟ್ಟ ಹರಿವಾಣ. ಮಾಯವ್ವ ತಾನೇ ಕಳಿಸಲು ಬಂದಿದ್ದಳು. ಕಿಟಕಿಯಿಂದ ಕೈ ತೂರಿಸಿ ಸೊಸೆಯ ಸೆರಗನ್ನು ಹಣೆಯವರೆಗೆ ಎಳೆದು ಸರಿ ಮಾಡಿ, ದೇವರಿಗೆ ಏನು ಬೇಡಿಕೊಳ್ಳಬೇಕೆಂದು ಇನ್ನೊಮ್ಮೆ ಹೇಳಿಕೊಟ್ಟಳು. ಬಂದ ಮೇಲೆ ಆ ಕೌದಿಯ ಹೊಟ್ಟೆಯನ್ನಾದರೂ ತುಂಬಿ ಮುಗಿಸಿರೆಂದು ಅಕ್ಕೋರಿಗೂ ಹೇಳಿದಳು. ಅಕ್ಕೋರು ಹೂಂ ಎಂದರು.

ವೀರಪ್ಪ ಸಾವ್ಕಾರ ಕಟ್ಟೆಯಿಂದ ಇಳಿದು ಬಂದ. ಚಹಾ ಕುಡಿಯುತ್ತಿದ್ದವರು ಬಟ್ಟಲು ಹಿಡಿದು ಇತ್ತ ತಿರುಗಿದರು. ಹೋದ ವಾರದ ಆಟದ ಉಳಿದ ಭಾಗ ಇಂದು ಎಂದು ಎಲ್ಲರಿಗೂ ಗೊತ್ತಿತ್ತು.

"ಬಾಳ್ಯಾ, ನಮ್ಮ ಹುಡಿಗೀನ ಜ್ವಾಕಿಲೆ ಕರ್ಕೊಂಡ ಹೋಗು," ಎಂದ. ಗಾಡಿಯೊಳಗೆ ಒಮ್ಮೆ ಬಗ್ಗಿ ನೋಡಿದ. "ಮತ್ತ ನಿನ್ನ ತಂಗೀನ ಎಬ್ಬಿಸಿ ಹಿಂದ ಚೀಲದ ಮ್ಯಾಲ ಕುಂಡ್ರಸು. ದೇವರಿಗೆ ಹೊಂಟಾಕಿಗೆ ಅಂಥಾಕಿ ಗಾಳಿ ಬಡಿಯೂದು ಬ್ಯಾಡ."

ಒಬ್ಬರೂ ನಗಲಿಲ್ಲ ಈ ಸಲ. ಎಲ್ಲರೂ ಬಾಳುವನ್ನು ನೋಡಿದರು. ಬಸಲಿಂಗಪ್ಪ ಕೆಟಲಿ ಕೆಳಗಿಟ್ಟು, ಅವನನ್ನು ಹಿಡಿಯಬೇಕಾದೀತೆಂದು ಎರಡು ಹೆಜ್ಜೆ ಮುಂದೆ ಬಂದ.

ಮಾತು ಬಾಳುವಿನ ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ನುಣ್ಣಗೆ, ಭಾರವಾಗಿ, ಮೆಲ್ಲಗೆ ಹೇಳುವುದಷ್ಟೇ ಬಾಕಿ. ಹೇಳುವ ಮುಂಚೆ ಆ ಸೊಸೆಯನ್ನೊಮ್ಮೆ ನೋಡಬೇಕೆನಿಸಿತು, ಏಟು ಎಲ್ಲಿ ಬೀಳುತ್ತದೆಂದು. ನೋಡಿದ. ಮಂಜುಳಾ ಆಗಲೇ ಚೀಲದ ಕಡೆಗೆ ಹೋಗಲು ಅರ್ಧ ಎದ್ದಿದ್ದಳು, ಶಿವಾನಿ ಅವಳ ಕೈ ಬಿಟ್ಟಿರಲಿಲ್ಲ. ಇನ್ನೊಂದು ಕೈಯಿಂದ ಹರಿವಾಣ ಹಿಡಿದಿದ್ದಳು. ಅದು ಓರೆಯಾಗಿತ್ತು. ಹೂವು ಸರಿದು, ವೀಳ್ಯದೆಲೆಯ ಕೆಳಗಿನಿಂದ ನೀಲಿ ಪೆನ್ನಿನ ಟೊಪ್ಪಿಗೆ ಕಾಣುತ್ತಿತ್ತು. ಸೆರಗು ಹಣೆಯಿಂದ ಹಿಂದಕ್ಕೆ ಜಾರಿತ್ತು. ಅವಳು ಮಾವನ ಕಡೆ ನೋಡುತ್ತಿದ್ದಳು. ತುಟಿಗಳು ಬಿಚ್ಚಿದ್ದವು. ಇನ್ನೊಂದು ಉಸಿರು ಕಳೆದರೆ ಆ ಪಾಠ ತನ್ನದೆಂದು ಅವಳೇ ಹೇಳಿಬಿಡುತ್ತಿದ್ದಳು.

ಬಾಳು ತೋಳು ಚಾಚಿ ಕಿಟಕಿಯ ತಾಡಪತ್ರಿಯ ಪರದೆಯನ್ನು ಕೆಳಗೆ ಎಳೆದ. ಚಳಿಗೆ ಎಳೆದ ಹಾಗಿತ್ತು. ಡ್ರೈವರ್ ಸೀಟಿನ ಕೆಳಗಿನಿಂದ ರೇಡಿಯೇಟರಿಗೆ ನೀರು ತರುವ ಕ್ಯಾನನ್ನು ತೆಗೆದುಕೊಂಡ.

"ನಿನಗ ಹೇಳಿದ್ದೋ ಬಾಳ್ಯಾ. ಕೇಳಿಸ್ತಿಲ್ಲೋ?" ಎಂದ ವೀರಪ್ಪ.

ಬಾಳು ಅವನ ಮಗ್ಗುಲಿನಿಂದಲೇ ಹಾದು, ಬಸಲಿಂಗಪ್ಪ ಬಿಟ್ಟುಕೊಟ್ಟ ದಾರಿಯಲ್ಲಿ ಬೋರಿನ ಕಡೆ ನಡೆದ. ಹಿಂದೆ ಯಾರೋ ಕೆಮ್ಮಿದರು, ಯಾರೋ ಏನೋ ಅಂದರು, ಈಗ ನಗೆಯೂ ಎದ್ದಿತು. ಕ್ಯಾನು ಖಾಲಿ ಇತ್ತು. ಹೆಜ್ಜೆಗೊಮ್ಮೆ ಮೊಣಕಾಲಿಗೆ ಬಡಿದು ಟಪ್ ಟಪ್ ಎನ್ನುತ್ತ, ಬೀದಿಯ ಕೊನೆಯವರೆಗೂ ಅವನ ಜೊತೆ ಹೋಯಿತು.